ಮುದ್ದೆಗೆ ಶೀತ ಹಿಡಿದದ್ದು

ನಂಜನಗೂಡು
೧೮ ಜನವರಿ ೧೯೯೮

ಚಿ. ಸೌ. ಶಿವರಂಜನಿಗೆ,

ನಿನ್ನ ತಂದೆಯ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನರಸೀಪುರದಲ್ಲಿ ನೀನೂ ಸಿದ್ಧಾರ್ಥನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಉತ್ತರ ಬಹಳ ತಡವಾಯಿತು, ಮನ್ನಿಸು. ಮುದ್ದೆಗೆ ಕಾಯಿಲೆಯಾಗಿತ್ತು.

ಚಿಕ್ಕವಳಿದ್ದಾಗ ದೇವನೂರಿನ ಹೊಲದ ಬದುವಿನಿಂದ ಆ ಆಮೆಯನ್ನು ಲಂಗದಲ್ಲಿ ಸುತ್ತಿಕೊಂಡು ತಂದು, ರಾಗಿಮುದ್ದೆಯ ಹೆಸರನ್ನೇ ಇಟ್ಟವಳು ನೀನು. ಜಾತಿ ಮೀರಿ ಮದುವೆಯಾದೆಯೆಂದು ನಿನ್ನ ತಾಯಿ ಈ ಮನೆಯಲ್ಲಿ ನಿನ್ನ ಹೆಸರೆತ್ತಬಾರದೆಂದು ಕಟ್ಟಳೆ ಹಾಕಿದಾಗ, "ಆಮೆ ವಿಚಾರ ಬೇಕಾದ್ರೆ ಬರ್ಕೊಳ್ಳಿ, ಬೇರೇನೂ ಬೇಡ" ಎಂದಿದ್ದಳು. ಆ ಎಲ್ಲೆಯನ್ನು ನಾನು ದಾಟಿಲ್ಲ. ನಿನ್ನ ಕಾಗದಗಳಲ್ಲಿ ನೀನೂ ದಾಟಿಲ್ಲ. ಆದ್ದರಿಂದ ವಿಷಯಕ್ಕೆ ಬರುತ್ತೇನೆ.

ಧನುರ್ಮಾಸದ ಚಳಿಯಲ್ಲಿ ಅದು ಮೇವು ಬಿಟ್ಟಿತು. ಮೂಗಿನಲ್ಲಿ ನೀರಿನ ಗುಳ್ಳೆಗಳು. ಕತ್ತು ನೀಡಿ, ಬಾಯಿ ತೆರೆದು ಉಸಿರೆಳೆಯುವಾಗ, ಸರಿಯಾಗಿ ಮುಚ್ಚದ ಕವಾಟದಿಂದ ಹಬೆ ಸೋರುವಂಥ ಸದ್ದು. ನಮ್ಮ ಕಾರ್ಖಾನೆಯಲ್ಲಿ ಆ ಸದ್ದು ಕೇಳಿದರೆ ಏನು ಮಾಡಬೇಕೆಂದು ನನಗೆ ಗೊತ್ತು. ಇಲ್ಲಿ ಗೊತ್ತಾಗಲಿಲ್ಲ. ಬುಟ್ಟಿಯಲ್ಲಿಟ್ಟುಕೊಂಡು ದನದ ಆಸ್ಪತ್ರೆಗೆ ಹೊರಟೆ. ನಿನ್ನ ತಾಯಿ ಕರೆಯದೆಯೇ ಹಿಂದೆ ಬಂದಳು.

ಡಾಕ್ಟರ್ ನಂಜೇಶ್ ನಕ್ಕುಬಿಟ್ಟರು. "ಸ್ವಾಮೇರೇ, ನಾನು ದನ, ಎಮ್ಮೆ ನೋಡೋನು. ಇದಕ್ಕೆ ಸ್ಟೆತಸ್ಕೋಪ್ ಎಲ್ಲಿಡ್ಲಿ, ಚಿಪ್ಪಿನ ಮೇಲಾ?" ಆದರೂ ಬೆಂಗಳೂರಿನಲ್ಲಿರುವ ತಮ್ಮ ಮೇಷ್ಟರಿಗೆ ಫೋನು ಮಾಡಿ, ತೂಕ ನೋಡಿ, ಮುಂಗಾಲಿಗೆ ಇಂಜೆಕ್ಷನ್ ಕೊಟ್ಟರು. ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿದರು. ನಿನ್ನ ತಾಯಿಯೇ ಉತ್ತರಿಸಿದಳು: "ನೀರಿನ ತೊಟ್ಟೀಲಿ ಸಾ. ದಿನಾ ರಾತ್ರಿ ಬಿಡ್ತಿದ್ದೆ."

"ಅಯ್ಯೋ ಅವ್ವಾ, ಇದು ನೆಲದಾಮೆ. ನೀರಾಮೆ ಅಲ್ಲ!"

"ಆಮೆ ಅಂದ್ಮೇಲೆ ನೀರು ಬೇಡ್ವಾ? ಬಾವೀಲಿ ಬಿಡೋದೂ ಆಮೆನೇ ಅಲ್ವಾ ಸಾ?"

ನೀನಿದ್ದಾಗ ಅದನ್ನು ಪೊರಕೆಯಿಂದ ಪಕ್ಕಕ್ಕೆ ಸರಿಸುತ್ತಿದ್ದವಳು, ನೀನು ಹೋದ ಮೇಲೆ ಅದಕ್ಕೆ ಹಾಯಾಗಿರಲೆಂದು ತೊಟ್ಟಿ ತುಂಬಿಸುತ್ತಿದ್ದಳು. ಅದು ತಪ್ಪೆಂದು ನನಗೂ ತಿಳಿದಿರಲಿಲ್ಲ.

ಆಮೆಗೆ ಕೆಮ್ಮಲು ಬಾರದು, ಒಳಗೆ ಕಟ್ಟಿದ್ದು ತಾನಾಗಿ ಹೊರಗೆ ಬರುವುದಿಲ್ಲ, ಆಗಾಗ ತಲೆ ತಗ್ಗಿಸಿ ಹಿಡಿಯಿರಿ ಎಂದು ಡಾಕ್ಟರು ವಿವರಿಸಿದರು. "ನಮ್ಮನೇವ್ರ ಥರಾನೇ ಬಿಡಿ," ಎಂದಳು ನಿನ್ನ ತಾಯಿ. ಡಾಕ್ಟರು ನಕ್ಕರು. ನಾನೂ ನಕ್ಕೆ.

ಹಳೆಯ ಪೆಟ್ಟಿಗೆಯೊಂದಕ್ಕೆ ಬಲ್ಬು ಜೋಡಿಸಿ, ಶಾಖ ಒಂದೇ ಹದದಲ್ಲಿರುವಂತೆ ಥರ್ಮೋಸ್ಟಾಟ್ ಅಳವಡಿಸಿದೆ. ಕರೆಂಟು ಹೋದಾಗ ನಿನ್ನ ತಾಯಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹಂಡೆಯ ಒಲೆಯ ಪಕ್ಕ ಕೂರುತ್ತಿದ್ದಳು. ಮೂಗು ಒರೆಸುತ್ತಿದ್ದವಳೂ ಅವಳೇ. "ಉಸಿರಾಡು, ಉಸಿರಾಡೇ ತಾಯಿ" ಎಂದು ಅದಕ್ಕೆ ಹೇಳುವುದನ್ನು ಕೇಳಿಸಿಕೊಂಡೆ.

ಸಂಕ್ರಾಂತಿಯ ದಿನ ಮುದ್ದೆ ದಾಸವಾಳದ ಎಸಳೊಂದನ್ನು ತಿಂದಿತು. "ರೀ, ಕಚ್ತು ಕಣ್ರೀ, ಬನ್ನಿ ಇಲ್ಲಿ!" ಎಂದು ನಿನ್ನ ತಾಯಿ ಕೂಗಿದ್ದು ಬೀದಿಗೆ ಕೇಳಿಸಿತು. ಆ ದನಿಯನ್ನು ಈ ಮನೆಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು.

ಅಲ್ಲಿಯೂ ಚಳಿಯಿರಬಹುದು. ಬೆಚ್ಚಗಿರಿ. ನಂಜುಂಡೇಶ್ವರ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ತಂದೆ,
ಗಂಗಾಧರಸ್ವಾಮಿ

ತಾ. ಕ.: ಮೇಲೆ ಬರೆದುದೆಲ್ಲ ನಿಜ. ಆದರೆ ಅದು ಸಂಕ್ರಾಂತಿಯವರೆಗಿನ ನಿಜ. ಮರುದಿನ ಬೆಳಿಗ್ಗೆ ಪೆಟ್ಟಿಗೆ ಬೆಚ್ಚಗಿತ್ತು, ಮುದ್ದೆ ಉಸಿರಾಡುತ್ತಿರಲಿಲ್ಲ. ಕರಿಬೇವಿನ ಗಿಡದ ಬುಡದಲ್ಲಿ ಹೂಳಿದೆವು. ನಿನ್ನ ಹಳೆಯ ಲಂಗವೊಂದನ್ನು ನಿನ್ನ ತಾಯಿ ಎಲ್ಲಿಂದಲೋ ತಂದು ಗುಂಡಿಯಲ್ಲಿ ಹಾಸಿದಳು. ಅದನ್ನು ಅವಳು ಇಟ್ಟುಕೊಂಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

ಇಂದು ನಾನು ಬರೆಯಲು ಕುಳಿತಾಗ ಎದುರಿಗೆ ಬಂದು ನಿಂತಳು. "ಸತ್ತೋಯ್ತು ಅಂತ ಬರೀಬೇಡಿ. ಹುಷಾರಾಗ್ತಾ ಇದೆ ಅಂತ ಬರೀರಿ." ಏಕೆಂದು ಕೇಳಿದೆ. "ಆಮೆನೇ ಇಲ್ಲ ಅಂದ್ಮೇಲೆ ಏನಂತ ಕಾಗ್ದ ಬರೀತಾಳೆ ಅವ್ಳು?" ಎಂದಳು. ಆಗಲೂ ನಿನ್ನ ಹೆಸರೆತ್ತಲಿಲ್ಲ.

ಪತ್ರವನ್ನು ಅವಳಿಗೆ ಓದಿ ಹೇಳಿ ಮನೆಯಿಂದ ಹೊರಟೆ. ಈ ಸಾಲುಗಳನ್ನು ಅಂಚೆ ಪೆಟ್ಟಿಗೆಯ ಬಳಿ ನಿಂತು ಬರೆಯುತ್ತಿದ್ದೇನೆ. ನಿನಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಆದರೆ ಮಗಳೇ, ಬೇಗ ಉತ್ತರ ಬರೆ. ಮುದ್ದೆ ಹೇಗಿದೆಯೆಂದು ಕೇಳು. ಏನು ತಿನ್ನಿಸಬೇಕು, ಎಲ್ಲಿ ಮಲಗಿಸಬೇಕು, ಎಲ್ಲವನ್ನೂ ವಿವರವಾಗಿ ಬರೆ. ನಾನು ಗಟ್ಟಿಯಾಗಿ ಓದುತ್ತೇನೆ.