ನಮ್ಮದು ಹಳ್ಳಿಯಾ, ಅಮ್ಮಾ?

ಶ್ರೀಗಂಧದ ಕಾವಲ್, ಬೆಂಗಳೂರು
ಶನಿವಾರ, 15 ನವೆಂಬರ್ 2025

ಪ್ರೀತಿಯ ಅಮ್ಮಾ,

ಅಜ್ಜಿಯ ಮಂಡಿ ಹೇಗಿದೆ? ಆಪರೇಷನ್ ಆದ ಕಾಲನ್ನೂ ಮಡಿಸಿಕೊಂಡು ನೆಲದ ಮೇಲೆ ಕೂರಲು ಹಟ ಮಾಡುತ್ತಾಳಂತೆ, ಮಾವ ಹೇಳಿದರು. ನರ್ಸಿಂಗ್ ಓದುವ ಮೊಮ್ಮಗಳು ಕೈಮುಗಿದು ಬೇಡ ಅಂದಳು ಅಂತ ಹೇಳು. ನಿನ್ನ ಸೊಂಟ ನೋವು ಹೇಗಿದೆ? ಅಜ್ಜಿಯನ್ನು ಎತ್ತಿ ಕೂರಿಸುವಾಗ ಬಗ್ಗಿ ಎತ್ತಬೇಡ, ಹತ್ತಿರ ನಿಂತು ಎತ್ತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಾನು ತಿರುವಿದ ಮುದ್ದೆಯಲ್ಲಿ ಗಂಟಿದೆ ಎಂದು ತಾತ ದಿನಾ ಗೊಣಗುತ್ತಾರೆ, ಗೊಣಗುತ್ತಲೇ ಇನ್ನೊಂದು ಹಾಕಿಸಿಕೊಳ್ಳುತ್ತಾರೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಎತ್ತಿದ ಕೂಡಲೇ ಸ್ಪೀಕರ್ ಒತ್ತುತ್ತೀಯ, ಅಜ್ಜಿ ‘ಏನಂತೆ, ಏನಂತೆ’ ಎಂದು ಶುರುಮಾಡುತ್ತಾಳೆ, ಆಮೇಲೆ ಇಡೀ ಬೀದಿಗೆ ನನ್ನ ಸಮಾಚಾರ ಗೊತ್ತಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಪ್ಪ ರಾಗಿಹಿಟ್ಟು ಕಟ್ಟಿಕೊಂಡು ಮಾಗಡಿಗೆ ಬರುತ್ತಾರಲ್ಲ, ಅವರ ಕೈಯಲ್ಲಿ ಕೊಡುತ್ತೇನೆ. ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ ಅಮ್ಮಾ. ಇಷ್ಟು ಬರೆಯುವುದರೊಳಗೆ ಎಷ್ಟೋ ಸಲ ಎದ್ದು ಫೋನ್ ನೋಡಿ ಬಂದೆ. ಗುರುದೇವಿಯ ಫೋನ್ ಮಧ್ಯಾಹ್ನದಿಂದ ಸ್ವಿಚ್ ಆಫ್ ಆಗಿದೆ.

ಗುರುದೇವಿ ಯಾರೆಂದು ನಿನಗೆ ಗೊತ್ತು. ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವ ಕೊಪ್ಪಳದ ಕಡೆಯ ಹುಡುಗಿ, ಬಾಪೂಜಿ ನಗರದ ಪೀಜಿಯಲ್ಲಿ ಇರುತ್ತಾಳೆ. ಅವಳು ಕೊಟ್ಟ ಶೇಂಗಾ ಚಟ್ನಿಪುಡಿಯನ್ನು ನೀನೇ ಡಬ್ಬಿ ಕೆರೆದು ತಿಂದಿದ್ದು. ಪಿಯುಸಿ ತನಕ ಕನ್ನಡದಲ್ಲೇ ಓದಿ ಬಂದವಳು. ಇಲ್ಲಿ ಮೂಳೆ, ನರ, ರಕ್ತ ಎಲ್ಲಾ ಇಂಗ್ಲಿಷಿನಲ್ಲಿ. ‘ಓದ್ತೇನಿ, ಬಾಯಿಪಾಠಾನೂ ಮಾಡ್ತೇನಿ, ಆದ್ರ ಏನ್ ಓದಿದ್ನಿ ಅಂತ ನನಗ ತಿಳಿವಲ್ದು’ ಎನ್ನುತ್ತಿದ್ದಳು. ಹೋದ ತಿಂಗಳ ಪರೀಕ್ಷೆಯಲ್ಲಿ ಫೇಲಾದಳು. ಅವಳ ಅಪ್ಪ ದ್ಯಾಮಪ್ಪನವರು ‘ಸಾಕವ್ವಾ, ಊರಿಗೆ ಬಂದುಬಿಡು’ ಎಂದರಂತೆ. ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ ಎಂದು ನಿನ್ನೆ ಹೇಳಿದ್ದಳು.

ಇದರಲ್ಲಿ ನನ್ನದೇನು ಎಂದು ಕೇಳುತ್ತೀಯ. ಕೇಳು. ನಮಗೆ ಪಾಠ ಮಾಡುವ ದಿವ್ಯ ಮೇಡಂ ಈ ವರ್ಷ ಒಂದು ಸಮೀಕ್ಷೆಯ ಕೆಲಸ ಹಿಡಿದಿದ್ದಾರೆ. ಆಸ್ಪತ್ರೆಗೆ ಎಲ್ಲ ಬಗೆಯ ಜನ ಬರುತ್ತಾರೆ, ಅವರನ್ನು ನೋಡಿಕೊಳ್ಳುವವರೂ ಎಲ್ಲ ಬಗೆಯ ಮನೆಗಳಿಂದ ಬರಬೇಕು, ನಮ್ಮ ಕಾಲೇಜಿನಲ್ಲಿ ಹಾಗಿದೆಯೇ, ಬಂದವರು ಕೊನೆಯವರೆಗೆ ಉಳಿಯುತ್ತಾರೆಯೇ ಎಂದು ನೋಡುವುದು. ಒಳ್ಳೆಯ ಮನಸ್ಸಿನ ಕೆಲಸ, ತಪ್ಪು ಹೇಳಬಾರದು. ಕ್ಲಾಸಿನಲ್ಲಿ ನಿಂತು ‘ಹಳ್ಳಿಯಿಂದ ಬಂದಿರೋರು ಕೈ ಎತ್ತಿ’ ಎಂದರು. ನನ್ನ ಕೈ ತಾನಾಗಿ ಮೇಲೆ ಹೋಯಿತು.

ನೀನೇ ಹೇಳು, ಹೋಗದೆ ಇನ್ನೇನಾದೀತು? ಚಿಕ್ಕಪೇಟೆಗೆ ಸೀರೆಗೆ ಹೊರಟಾಗ ನೀನು ಏನೆನ್ನುತ್ತೀಯ? ‘ಬೆಂಗ್ಳೂರಿಗೆ ಹೋಗ್ಬರ್ತೀನಿ, ಬಾಗ್ಲು ಹಾಕ್ಕೊ’ ಎನ್ನುತ್ತೀಯ. ನಮ್ಮ ಹೊಲ ಇದ್ದ ಕಡೆ ಈಗ ಸೂಪರ್ ಮಾರ್ಕೆಟ್ಟಿದೆ, ಆದರೂ ಅಪ್ಪ ಅಲ್ಲಿಂದ ಹಾಲು ತರುವಾಗ ‘ಹೊಲ್ದತ್ರ ಹೋಗಿದ್ದೆ’ ಎನ್ನುತ್ತಾರೆ. ಹುಟ್ಟಿದಾಗಿನಿಂದ ಇದನ್ನೇ ಕೇಳಿ ಬೆಳೆದ ನನ್ನ ಕೈಗೆ ಬೇರೆ ಏನು ಗೊತ್ತು! ಸುಳ್ಳು ಹೇಳಬೇಕೆಂದು ಎತ್ತಿದ್ದಲ್ಲ, ನಿಜವಾಗಲೂ ಅಲ್ಲ. ನಮ್ಮ ಹಾಗೇ ಬೆಂಗಳೂರಿಗೆ ಸೇರಿಹೋದ ಕೆಂಗೇರಿಯ ಕಾಂತರಾಜು ಎತ್ತಿದ, ಹೇರೋಹಳ್ಳಿಯ ಹುಡುಗಿಯರು ಎತ್ತಿದರು. ಗುರುದೇವಿಯೂ ಎತ್ತಿದಳು.

ಹಳ್ಳಿಯಿಂದ ಬಂದವರಿಗೆ ಸಂಜೆ ಹೊತ್ತು ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಒಂದು ಕ್ಲಾಸು ಮಾಡಬೇಕೆಂದು ಮೇಡಂಗೆ ಆಸೆಯಿತ್ತು. ಪರೀಕ್ಷೆಯಾದ ಮೇಲೆ ಹಳ್ಳಿಯವರ ಅಂಕ ಒಂದು ಕಡೆ, ಪೇಟೆಯವರ ಅಂಕ ಒಂದು ಕಡೆ ಕೂಡಿಸಿ ಸರಾಸರಿ ನೋಡಿದರೆ ಎರಡೂ ಸಮ ಬಂತು. ‘ನಮ್ಮ ಹಳ್ಳಿ ಮಕ್ಕಳು ಯಾರಿಗೂ ಕಮ್ಮಿ ಇಲ್ಲ, ಕ್ಲಾಸೇನೂ ಬೇಕಾಗಿಲ್ಲ’ ಎಂದು ಖುಷಿಯಿಂದ ಹೇಳಿ, ನನ್ನನ್ನು ಎಬ್ಬಿಸಿ ನಿಲ್ಲಿಸಿ, ಹಳ್ಳಿಯಿಂದ ಬಂದು ಇಷ್ಟು ಚೆನ್ನಾಗಿ ಓದುವ ಹುಡುಗಿ ಎಂದು ಹೊಗಳಿದರು. ವಿಜಯನಗರದ ಕಾನ್ವೆಂಟಿಗೆ ವ್ಯಾನಿನಲ್ಲಿ ಹೋಗಿ ಎಲ್‌ಕೆಜಿಯಿಂದ ಇಂಗ್ಲಿಷು ಕಲಿತ ನನ್ನನ್ನು! ಎಲ್ಲರೂ ಚಪ್ಪಾಳೆ ತಟ್ಟಿದರು. ಗುರುದೇವಿಯೂ ತಟ್ಟಿದಳು. ಅಮ್ಮಾ, ನನಗೆ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸಿತು.

ಮನೆಗೆ ಬಂದು ತಾತನನ್ನು ಕೇಳಿದೆ, ನಾವು ಹಳ್ಳಿಯವರಾ ಎಂದು. ‘ಅಲ್ದೆ ಇನ್ನೇನಮ್ಮ? ಬೆಂಗ್ಳೂರು ಬಂದು ನಮ್ ಮೇಲೆ ಕೂತ್ಕೊಂಡ್ರೆ ಅದು ನಮ್ ತಪ್ಪಾ?’ ಎಂದರು. ಕಾಲೇಜಿನಲ್ಲಿ ಹಳ್ಳಿಯವಳಲ್ಲ ಎಂದರೆ ತಾತನನ್ನೇ ಅಲ್ಲಗಳೆದ ಹಾಗಲ್ಲವೇ? ಹಳ್ಳಿಯವಳು ಎಂದರೆ ಸಂಜೆ ಕ್ಲಾಸು ಬರದೆ ಗುರುದೇವಿ ಗಂಟುಮೂಟೆ ಕಟ್ಟುತ್ತಾಳೆ. ಊಟ ಮಾಡುವಾಗಲೂ ಇದೇ ಯೋಚನೆ, ಬಸ್ಸಿನಲ್ಲೂ ಇದೇ. ನೀನಿದ್ದಿದ್ದರೆ ಏನಾದರೂ ಹೇಳಿ ಬೈದಾದರೂ ಬೈಯುತ್ತಿದ್ದೆ.

ಕೊನೆಗೆ ಇವತ್ತು ಬೆಳಿಗ್ಗೆ ಮೇಡಂ ಹತ್ತಿರ ಹೋಗಿ ನಾನು ಹಳ್ಳಿಯವಳಲ್ಲ ಎಂದೆ. ‘ಮತ್ಯಾಕೆ ಕೈ ಎತ್ತಿದೆ?’ ಎಂದು ಕೇಳಿದರು. ‘ನಮ್ಮನೇಲಿ ಹಾಗೇ ಅಂತಾರೆ ಮೇಡಂ’ ಎಂದು ನಿನ್ನ ಚಿಕ್ಕಪೇಟೆಯ ಕಥೆ ಹೇಳಿದೆ. ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಸೀದಾ ಕ್ಲಾಸಿಗೆ ಬಂದು, ‘ಮೆಜೆಸ್ಟಿಕ್‌ಗೆ ಹೋಗೋದನ್ನ ಬೆಂಗಳೂರಿಗೆ ಹೋಗೋದು ಅನ್ನೋರು ಯಾರ್ಯಾರು?’ ಎಂದರು. ನಮ್ಮ ಕಡೆಯವರೆಲ್ಲ ನಗುನಗುತ್ತಾ ಕೈ ಎತ್ತಿದರು, ಕಾಂತರಾಜು ಎರಡೂ ಕೈ ಎತ್ತಿದ. ನಮ್ಮನ್ನು ಪಟ್ಟಿಯಿಂದ ತೆಗೆದು ಮತ್ತೆ ಕೂಡಿಸಿದಾಗ ಹಳ್ಳಿಯವರು ಅಂತ ಉಳಿದವರಲ್ಲಿ ಪಾಸಾದವರೇ ಇಲ್ಲವೆನ್ನಬಹುದು. ಮೇಡಂ ನನ್ನನ್ನು ಪಕ್ಕಕ್ಕೆ ಕರೆದಾಗ ಗುರುದೇವಿ ಊರಿಗೆ ಹೊರಟಿರುವುದನ್ನು ಹೇಳಿದೆ. ಸೋಮವಾರ ಪ್ರಿನ್ಸಿಪಾಲರ ಹತ್ತಿರ ಹೋಗಿ ಸಂಜೆ ಕ್ಲಾಸು ಕೇಳುತ್ತೇನೆ, ಸಿಗದಿದ್ದರೆ ನಾನೇ ಕೂತು ಹೇಳಿಕೊಡುತ್ತೇನೆ, ಆ ಹುಡುಗಿಯನ್ನು ಮಾತ್ರ ಕಳಿಸಬೇಡ ಎಂದರು. ಗುರುದೇವಿ ಇವತ್ತು ಕಾಲೇಜಿಗೇ ಬಂದಿರಲಿಲ್ಲ. ಮೆಸೇಜ್ ಹಾಕಿದ್ದೇನೆ, ಒಂದೇ ಟಿಕ್ಕು ಬಿದ್ದಿದೆ. ಪೀಜಿ ಹತ್ತಿರ ಹೋಗಿ ಬಂದೆ, ರೂಮಿಗೆ ಬೀಗ. ನಮ್ಮ ಸೋಮವಾರಕ್ಕೆ ಮುಂಚೆ ಅವಳ ಭಾನುವಾರ ಬಂದುಬಿಡುತ್ತದಲ್ಲಮ್ಮಾ, ಏನು ಮಾಡಲಿ?

ಅಜ್ಜಿಗೆ ಅಡ್ಡಬಿದ್ದೆ ಎಂದು ಹೇಳು. ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಬೇಗ ಬಾ. ನೀನಿಲ್ಲದೆ ಮನೆ ಮನೆಯಾಗಿಲ್ಲ.

ನಿನ್ನ ಮಗಳು,
ಕವನಾ

ಕೊನೆಗೊಂದು ಮಾತು: ಭಾನುವಾರ ಬೆಳಿಗ್ಗೆ. ಅಪ್ಪ ಸ್ಕೂಟರ್ ಶುರುಮಾಡಿಕೊಂಡು ಹಾರನ್ ಹೊಡೆಯುತ್ತಿದ್ದಾರೆ. ಗುರುದೇವಿ ಮೆಜೆಸ್ಟಿಕ್‌ನಿಂದ ಫೋನ್ ಮಾಡಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಕೂತು ನನ್ನ ಮೆಸೇಜ್ ಓದಿದಳಂತೆ, ಊರಿನ ಬಸ್ಸನ್ನು ಬಿಟ್ಟುಬಿಟ್ಟಳಂತೆ. ‘ಪೀಜಿ ಖಾಲಿ ಮಾಡೇನಿ, ಈಗ ಎಲ್ಲಿ ಹೋಗ್ಲಿ?’ ಎಂದು ಅತ್ತಳು. ನಮ್ಮ ಮನೆಗೆ ಬಾ, ಇಲ್ಲೇ ಇದ್ದು ಓದು ಎಂದೆ. ನಿನ್ನನ್ನು ಕೇಳದೆ ಹೇಳಿಬಿಟ್ಟೆ ಅಮ್ಮಾ, ಬೈಯಬೇಡ. ನಿನ್ನ ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಸಿದ್ದೇನೆ, ನೀನು ಬಂದ ಮೇಲೆ ನಾವಿಬ್ಬರೂ ಚಾಪೆಗೆ ಹೋಗುತ್ತೇವೆ. ದಾರಿ ಹೇಳುವಾಗ ಅಭ್ಯಾಸಬಲದಿಂದ ‘ಬಸ್ಸಿಳಿದು ಹಳ್ಳಿಯೊಳಗೆ ಬಾ’ ಎಂದುಬಿಟ್ಟೆ. ಅಳು ನಿಲ್ಲಿಸಿ, ‘ಅಲ್ಲೆಲ್ಲಿ ಐತಿ ಹಳ್ಳಿ?’ ಎಂದು ಕೇಳಿದಳು. ಪಕ್ಕದಲ್ಲಿ ಕೂತು ಕೇಳಿಸಿಕೊಂಡ ತಾತ ಒಗೆದ ಪಂಚೆ ಉಟ್ಟುಕೊಂಡು ಬಸ್‌ಸ್ಟಾಪಿಗೆ ಹೊರಟೇಬಿಟ್ಟರು, ಆ ಮಗುವಿಗೆ ಹಳ್ಳಿ ತೋರಿಸಿಕೊಂಡು ಬರುತ್ತೇನೆ ಎಂದು.