ಮಾಕಳಿಯ ಹೆಣಿಗೆ ಪಾಠ

೧೧ ಡಿಸೆಂಬರ್ ೨೦೧೨, ಮಂಗಳವಾರ

ಥೂ! ನನ್ನ ಮೇಲೇ ಅಸಹ್ಯವಾಗುತ್ತಿದೆ. ತೆಗೆದುಹಾಕಿದ ಮೂವತ್ತು ಹೆಂಗಸರನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಿ ಎಂದು ಗಾರ್ಮೆಂಟ್ಸಿನ ಗೇಟಿನಲ್ಲಿ ಕೂತರೆ, ಕಂಪನಿ ಮಾಕಳಿಯಲ್ಲಿ ಹೆಣಿಗೆ ತರಬೇತಿ ಇಟ್ಟಿತು. ಕೈಗೊಂದು ತಟ್ಟೆಯಗಲದ ಪ್ಲಾಸ್ಟಿಕ್ ಬಳೆ, ಅದರ ಸುತ್ತಲೂ ಗೂಟ. ಒಂದೊಂದು ಗೂಟಕ್ಕೂ ಉಲ್ಲನ್ ದಾರ ಎರಡು ಸುತ್ತು ಸುತ್ತಿ, ಕೆಳಗಿನ ಸುತ್ತನ್ನು ಕೊಕ್ಕೆಯಿಂದ ಎತ್ತಿ ಮೇಲಿನದರ ಮೇಲಿಂದ ದಾಟಿಸಬೇಕು. ಆ ಮೂವತ್ತರಲ್ಲೊಬ್ಬಳಾದ ಮಲಕವ್ವನ ದಾರ ಎಷ್ಟು ಜಗ್ಗಿದರೂ ಏಳಲಿಲ್ಲ.

"ಲೂಸಾಗಿ ಸುತ್ತಮ್ಮಾ, ಎಷ್ಟ್ ಸಲ ಹೇಳೋದು?" ಎಂದಳು ಕಲಿಸುವ ಮೇಡಂ.

"ಒಂಬತ್ತ್ ವರ್ಷ ದಾರ ಬಿಗಿ ಇಡು ಅಂತ ಬೈಸ್ಕೊಂಡ ಕೈರೀ ಇದು. ಒಂದಿನಕ್ಕ ಸಡ್ಲ ಆಗ್ತೈತೇನ್ರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ, ಮೇಡಂ ಚಾಚಿದ ಹಾಜರಿ ಹಾಳೆಗೆ ನಮ್ಮ ಕಾರ್ಮಿಕ ಸಂಘದ ಪರವಾಗಿ ಮೊದಲ ಸಹಿ ಹಾಕಿದೆ. ನನ್ನದು ನೋಡಿ ಉಳಿದವರೂ ಹಾಕಿದರು. ಮಲಕವ್ವ ಮಾತ್ರ ಮೇಲಿನ ಸಾಲಿಗೆ ಬೆರಳಿಟ್ಟು ಓದಿದಳು: "ಹೊಸ ಕಸುಬು ಸಿಕ್ಕಿರುವುದರಿಂದ ಹಳೆಯ ಕೆಲಸ ಕೇಳುವುದಿಲ್ಲ."

"ಅಕ್ಕಾರ, ಇದನ್ನ ಓದಿ ಹಾಕಿದ್ರೇನ್ರಿ?"

ಮೇಡಂ ಹಾಳೆ ಎಳೆದುಕೊಂಡು ಕಾರು ಹತ್ತಿದಳು. ಓದದೆ ಸಹಿ ಹಾಕಬೇಡಿ ಎಂದು ಹನ್ನೆರಡು ವರ್ಷ ಗೇಟಿನಲ್ಲಿ ಭಾಷಣ ಬಿಗಿದವಳು ನಾನು. ಇಪ್ಪತ್ತೊಂಬತ್ತು ಸಹಿ, ಅವುಗಳ ತಲೆಯ ಮೇಲೆ ನನ್ನದು...