ಮಿಲ್ಲಿನ ಸೇಲಿನಲ್ಲಿ ಸಿಕ್ಕ ಬೀಗತಿ

ಪುಣೆ
೧೯ ಜನವರಿ ೧೯೯೮, ಸೋಮವಾರ

ಪ್ರೀತಿಯ ಅವ್ವ,

ನಾನು ಆರೋಗ್ಯವಾಗಿದ್ದೇನೆ. ನೀನೂ ಈ ಪತ್ರ ಮುಗಿಯುವವರೆಗಾದರೂ ಸಮಾಧಾನವಾಗಿರು. ಆಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡು. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳುವುದು ಒಳ್ಳೆಯದು.

ನನ್ನ ಮದುವೆಯಲ್ಲಿ ಬೀಗರ ಕಡೆಯ ಹದಿಮೂರು ಹೆಂಗಸರಿಗೆ ಉಡುಗೊರೆಯಾಗಿ, ಆಯೇರಿ ಎಂದು ಕೊಡುವ ಸೀರೆಗಳನ್ನು ನಾನು ಕೊಂಡಿಲ್ಲ. ಕೊಳ್ಳುವುದೂ ಇಲ್ಲ.

ನೀನು ಹೇಳಿದಂತೆ ನಿನ್ನೆ ಹಡಪಸರದ ಸೀರೆ ಮಿಲ್ಲಿಗೇನೋ ಹೋಗಿದ್ದೆ. ವರ್ಷಕ್ಕೊಮ್ಮೆ, ಸಂಕ್ರಾಂತಿ ಮುಗಿದ ಮೇಲೆ, ಅವರು ಐಬಿರುವ ಸೀರೆಗಳನ್ನು ಗೇಟಿನೊಳಗೇ ಮಾರುತ್ತಾರೆ. ಒಂದರಲ್ಲಿ ಎಳೆ ತಪ್ಪಿರುತ್ತದೆ, ಇನ್ನೊಂದರಲ್ಲಿ ಅಚ್ಚು ಸರಿದಿರುತ್ತದೆ. ಅಂಗಡಿಯವರು ಒಳ್ಳೆಯ ಮಾಲೆಂದು ಮಾರಬಾರದು ಅಂತ ಕೆಳ ಅಂಚಿನ ಒಳಮೈಗೆ ನೀಲಿ ಶಾಯಿಯ ಮುದ್ರೆ ಹೊಡೆದಿರುತ್ತಾರೆ. ಆ ಮುದ್ರೆಯ ಮೇಲೆಯೇ ಫಾಲ್ ಹೊಲಿಸಿದರೆ ಯಾರಿಗೂ ತಿಳಿಯದು ಎಂದು ನೀನು ಬರೆದಿದ್ದೆ. ಓದಿದಾಗ ನಕ್ಕಿದ್ದೆ. ಬೇಡ ಎಂಬ ಮಾತು ಆಗ ನನಗೂ ಹೊಳೆದಿರಲಿಲ್ಲ.

ಜೊತೆಗೆ ಆಫೀಸಿನ ಶೀತಲ, ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇರುವ ಬೆಳಗಾವಿಯ ಪೂರ್ವಾ ಬಂದಿದ್ದರು. ಸ್ವಾರಗೇಟಿನಿಂದ ಬಸ್ಸು ಹಿಡಿದು ಹೋದಾಗ ಮಿಲ್ಲಿನ ಗೋಡೆಯುದ್ದಕ್ಕೂ ಪಾಳಿ. ಇಂದಾಪುರದಿಂದ ಎಸ್.ಟಿ. ಬಸ್ಸಿನಲ್ಲಿ ಬಂದ ಒಂದು ಮನೆಯವರು ಬುತ್ತಿ ಬಿಚ್ಚಿ ರೊಟ್ಟಿ, ಹಸಿಮೆಣಸಿನಕಾಯಿಯ ಠೇಚಾ ತಿನ್ನುತ್ತ ಕೂತಿದ್ದರು. ಕಬ್ಬಿನ ಹಾಲಿನ ಗಾಡಿಯವನಿಗೆ ಅವತ್ತೇ ಹಬ್ಬ. ಕಾವಲುಗಾರ ಒಂದು ಸಲಕ್ಕೆ ಒಂದಿಷ್ಟು ಜನರನ್ನು ಮಾತ್ರ ಒಳಗೆ ಬಿಡುತ್ತಿದ್ದ. ಶೀತಲ ಅವನನ್ನು ಬಿಡಲಿಲ್ಲ: "ಕಾಕಾ, ಇಕಿ ಲಗ್ನದ ಹುಡಗಿ. ತಡಾ ಆದ್ರ ಮುಹೂರ್ತ ತಪ್ಪತದ್ರಿ!" ಕಾಕಾ ಮರಾಠಿಯವ. ಒಂದು ಅಕ್ಷರ ತಿಳಿಯದಿದ್ದರೂ ನಕ್ಕ, ನಮ್ಮ ಪಾಳಿ ಬರುವವರೆಗೆ ಒಳಗೆ ಬಿಡಲಿಲ್ಲ.

ಒಳಗೆ ಹೊಕ್ಕ ಮೇಲೆ ಯಾರಿಗೆ ಯಾರೂ ಇಲ್ಲ. ದೊಡ್ಡ ಶೆಡ್ಡಿನಲ್ಲಿ ಮೇಜುಗಳ ಮೇಲೆ ಸೀರೆಯ ರಾಶಿ. ಕನ್ನಡಿ ಇಲ್ಲದ್ದರಿಂದ ಗೆಳತಿಯರೇ ಕನ್ನಡಿ. ನಾನು ಹೆಗಲ ಮೇಲೆ ಹಾಕಿಕೊಂಡ ಒಂದು ಹಳದಿ ಸೀರೆ ನೋಡಿ ಪೂರ್ವಾ, "ಬ್ಯಾಡವ್ವಾ, ಜೇಜುರಿ ಗುಡಿ ಅರಿಷಿಣ ಭಂಡಾರ ಮೈಮ್ಯಾಲೆ ಸುರಕೊಂಡಂಗ ಕಾಣ್ತೀದಿ" ಅಂದಳು. ಹೆಂಡಂದಿರು ಆರಿಸಿದ ಗಂಟನ್ನು ಕಾಯುತ್ತ ಗಂಡಸರು ಗೋಡೆಗೆ ಒರಗಿ ಕುಳಿತಿದ್ದರು. ಬೀಗರಿಗೆಂದು ನಾನು ಆರು ಸೀರೆ ತೆಗೆದಿಟ್ಟಿದ್ದೆ. ಏಳನೆಯದು ಉಳ್ಳಾಗಡ್ಡಿ ಬಣ್ಣದ್ದು, ರಾಶಿಯ ಅಡಿಯಲ್ಲಿತ್ತು. ಸೆರಗು ಹಿಡಿದು ಎಳೆದೆ, ಬರಲಿಲ್ಲ. ಮೇಜಿನ ಆಚೆಯಿಂದಲೂ ಯಾರೋ ಎಳೆಯುತ್ತಿದ್ದರು. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ಕೊನೆಗೆ ಇಬ್ಬರೂ ತಲೆ ಎತ್ತಿದೆವು.

ನನ್ನನ್ನು ಮದುವೆಯಾಗಲಿರುವ ಪ್ರಲ್ಹಾದರ ತಾಯಿ. ನಿನ್ನ ಬೀಗತಿ, ಪ್ರೇಮಾವತಿಬಾಯಿ.

ಮಾತುಕತೆಯ ದಿನ ನಿನ್ನೆದುರಿಗೆ ಕುಳಿತು ಅವರು ಏನು ಹೇಳಿದ್ದರು, ನೆನಪಿದೆಯಲ್ಲ? "ನಮ್ಮ ಮನ್ಯಾಗ ಸೇಲಿನ ಮಾಲು ಕೊಡೂ ರೂಢಿ ಇಲ್ರಿ. ಲಕ್ಷ್ಮೀ ರೋಡಿನ ದೊಡ್ಡ ಅಂಗಡಿ ಸೀರಿ ಆದ್ರ ಎಲ್ಲಾರಿಗೂ ಶೋಭಾ." ಆ ಮಾತಿಗೆ ನೀನು ತಲೆಯಾಡಿಸಿದ್ದೆ. ಅವರೇ ಈಗ ತೋಳ ತುಂಬ ಸೀರೆ ಹೊತ್ತು, ಮೊಣಕೈಗೆ ಚೀಲ ನೇತು ಹಾಕಿಕೊಂಡು ನಿಂತಿದ್ದರು. ಚೀಲದಲ್ಲಿ ಲಕ್ಷ್ಮೀ ರೋಡಿನ ಅಂಗಡಿಯೊಂದರ ಖಾಲಿ ಡಬ್ಬಿಗಳು. ಮಿಲ್ಲಿನ ಸೀರೆಯನ್ನು ಆ ಡಬ್ಬಿಯಲ್ಲಿಟ್ಟು ನಮ್ಮ ಮನೆಯವರಿಗೆ, ಅಂದರೆ ನಿನಗೆ, ಕಾಕುಗೆ, ಸೋದರತ್ತೆಗೆ ಕೊಡುವ ಆಯೇರಿ ಅದು.

"ಅಯ್ಯ, ಅಂಬಾ! ನೀ ಇಲ್ಲೇನ ಮಾಡ್ಲಿಕತ್ತೀದಿ?"

"ನೀವು ಮಾಡೋದನ್ನ ನಾನೂ ಮಾಡ್ಲಿಕ್ಕೆ ಬಂದೇನ್ರಿ" ಎಂದೆ.

ಶೀತಲಳಿಗೆ ಅವರು ಯಾರೆಂದು ಗೊತ್ತಿರಲಿಲ್ಲ. "ನೋಡ ಇಲ್ಲೆ, ಈ ಬಾಯಾರ ಡಬ್ಬಿ ಮೊದಲ ಬಂದಾವ, ಸೀರಿ ಹಿಂದ ಬರ್ಲಿಕತ್ತಾವ" ಎಂದು ಜೋರಾಗಿ ನಕ್ಕಳು. ಪೂರ್ವಾ ಅವಳ ಕಾಲು ತುಳಿದಳು. ಅಷ್ಟು ಹೊತ್ತಿಗೆ ಅಕ್ಕಪಕ್ಕದ ನಾಲ್ಕು ಜನ ತಿರುಗಿ ನೋಡಿದ್ದರು.

ನಾನು ಪ್ರೇಮಾವತಿಬಾಯಿಯವರನ್ನು ಹೊರಗೆ ಕರೆದುಕೊಂಡು ಹೋಗಿ ಗೋಡೆಯ ನೆರಳಿನಲ್ಲಿ ಕೂರಿಸಿದೆ, ಕಬ್ಬಿನ ಹಾಲು ತರಿಸಿದೆ. ಅವರ ಮುಖ ಕೆಂಪಾಗಿತ್ತು. ಅವಮಾನ ಮಾಡುವುದು ನನ್ನ ಉದ್ದೇಶವಾಗಿರಲಿಲ್ಲ, ಅವ್ವ. ಆದರೆ ಆ ಗೋಡೆಯ ಹತ್ತಿರ ಕುಳಿತಾಗ ನನಗೆ ಕಂಡದ್ದು ಒಂದೇ: ನೀನು ಅವರಿಂದ ಮುಚ್ಚಿಡುವುದನ್ನೇ ಅವರು ನಿನ್ನಿಂದ ಮುಚ್ಚಿಡಲು ಅಷ್ಟು ದೂರ ಬಂದಿದ್ದಾರೆ. ಮದುವೆಯ ಮರುದಿನ ಇವರ ಮನೆಯ ಐಬಿನ ಸೀರೆ ನಮ್ಮ ಮನೆಗೆ, ನಮ್ಮ ಮನೆಯ ಐಬಿನ ಸೀರೆ ಇವರ ಮನೆಗೆ. ಎರಡೂ ಕಡೆ ಹೆಂಗಸರು ಸೀರೆಯ ಮಡಿಕೆ ಬಿಚ್ಚಿ, ಬೆಳಕಿಗೆ ಹಿಡಿದು, ಮೂಗು ಮುರಿಯುವುದು. ನಮ್ಮ ಆರತಿ ಅಕ್ಕನ ಮದುವೆಯಲ್ಲಿ ಅವಳ ಅತ್ತೆ ಚಪ್ಪರದಲ್ಲೇ ನಾವು ಕೊಟ್ಟ ಸೀರೆಯ ಮಡಿಕೆ ಬಿಚ್ಚಿ, "ಇದನ್ನ ಉಡೂದೋ, ಒಲಿ ಒರಸೂದೋ?" ಎಂದದ್ದನ್ನು ನೀನು ಮರೆತಿರಬಹುದು. ಅಕ್ಕ ಮರೆಯುವಂತಿಲ್ಲ. ಆ ಮಾತು ಇವತ್ತಿಗೂ ಅವಳ ಅಡುಗೆಮನೆಯಲ್ಲಿ ಓಡಾಡುತ್ತಿದೆ. ಆರು ವರ್ಷ ಆಯಿತು.

ಆದ್ದರಿಂದ ನೇರವಾಗಿಯೇ ಹೇಳಿದೆ: ಎರಡೂ ಕಡೆ ಆಯೇರಿ ಬೇಡ. ನೀವೂ ಕೊಡಬೇಡಿ, ನಾವೂ ಕೊಡುವುದಿಲ್ಲ.

ಅವರು ಮೊದಲು ಜನ ಏನಂದಾರು ಎಂದರು. ಆಮೇಲೆ ಹಿರಿಯರ ಪದ್ಧತಿ ಎಂದರು. ಇವೆರಡಕ್ಕೂ ನನ್ನ ಹತ್ತಿರ ಉತ್ತರ ಇತ್ತು. ಕೊನೆಗೆ ಅವರು ಲೋಟ ಕೆಳಗಿಟ್ಟು ಹೇಳಿದರು: "ಮೂವತ್ತು ವರ್ಷ ನಾ ಕೊಟ್ಟೇನಿ. ನಾದಿನಿಗೆ, ನೆಗೆಣ್ಣಿಗೆ, ಅವರ ಮಕ್ಕಳ ಲಗ್ನಕ್ಕ. ಒಬ್ಬನೇ ಮಗಾ. ನಾಲ್ಕು ಮಂದ್ಯಾಗ ಕೂತು ನಾ ತೊಗೊಳ್ಳೂ ಪಾಳಿ ಈಗ ಬಂದದ. ಈಗ ಬಂದು ಬಿಡ್ರಿ ಅಂತೀಯಲ್ಲ, ನಿನಗ ಏನ ಹಕ್ಕದ?"

ನಿಜವನ್ನೇ ಹೇಳುತ್ತಿದ್ದರು. ನನಗೆ ಮರುಕ ಆಯಿತು. ಆದರೂ ಹಿಂದೆ ಸರಿಯಲಿಲ್ಲ. "ನೀವು ಪಾಳಿ ಹಚ್ಚಿ ನಿಂತಿದ್ದು ಖರೆ ಅದ್ರಿ. ಆದ್ರ ಆ ಪಾಳ್ಯಾಗ ನಿಮ್ಮ ಹಿಂದ ನಾ ನಿಂದ್ರೂದಿಲ್ಲ. ಇದಕ್ಕ ಲಗ್ನ ಮುರೀತದಂದ್ರ ಮುರೀಲಿ" ಎಂದೆ.

ಹೌದು, ಹಾಗೆಯೇ ಎಂದೆ. ಪಕ್ಕದಲ್ಲಿ ನಿಂತಿದ್ದ ಪೂರ್ವಾಳ ಕೈಯಲ್ಲಿನ ಭೇಲ್‌ಪುರಿಯ ಪೊಟ್ಟಣ ಹಾಗೇ ಉಳಿಯಿತು.

ಅವರು ಚೀಲ ಎತ್ತಿ ಮೊಣಕೈಗೆ ಹಾಕಿಕೊಂಡು, "ನಿಮ್ಮವ್ವ ಬಂದು ನನ್ನ ಮುಂದ ಈ ಮಾತು ಹೇಳ್ಲಿ. ಹುಡುಗಿ ಮಾತು ನಾ ಹಿಡಿಯೂದಿಲ್ಲ" ಎಂದು ಎದ್ದರು. ಒಳಗೆ ಹೋಗಿ ತಾವು ಆರಿಸಿದ್ದನ್ನೆಲ್ಲ ಕೊಂಡರು, ಆ ಉಳ್ಳಾಗಡ್ಡಿ ಬಣ್ಣದ್ದನ್ನೂ ಸೇರಿಸಿ. ನಾನು ನನ್ನ ಆರನ್ನೂ ರಾಶಿಗೆ ವಾಪಸು ಹಾಕಿ, ನನಗೆಂದು ಒಂದು ಹಸಿರು ಸೀರೆ ಮಾತ್ರ ಕೊಂಡೆ. ಇವತ್ತು ಅದನ್ನೇ ಉಟ್ಟು ಆಫೀಸಿಗೆ ಹೋಗಿದ್ದೆ, ಫಾಲ್ ಹೊಲಿಸದೆ. ಮೆಟ್ಟಿಲು ಹತ್ತುವಾಗ ನೀಲಿ ಮುದ್ರೆ ಕಾಣುತ್ತದೆ ಎಂದು ಒಬ್ಬರು ಮೆಲ್ಲಗೆ ಕಿವಿಯಲ್ಲಿ ಹೇಳಿದರು. ಕಾಣಲಿ ಬಿಡಿ ಎಂದೆ.

ನಿನ್ನೆ ಬರುವಾಗ ಎಲ್ಲರಿಗೂ ಒಂದೇ ಬಸ್ಸು. ಪ್ರೇಮಾವತಿಬಾಯಿಯವರ ಗಂಟು ಭಾರವಿತ್ತು, ಪೂರ್ವಾ ಎತ್ತಿಕೊಂಡಳು. ನನ್ನ ಪಕ್ಕದಲ್ಲೇ ಅವರಿಗೆ ಸೀಟು ಸಿಕ್ಕಿತು. ಅರ್ಧ ದಾರಿಯಲ್ಲಿ ಚೀಲದಿಂದ ಪೇರಲ ಹಣ್ಣು ತೆಗೆದು, ಮುರಿದು, ಕಿಟಕಿಯ ಕಡೆ ನೋಡುತ್ತಲೇ ಅರ್ಧ ನನಗೆ ಕೊಟ್ಟರು. ತಿಂದೆ. ಇದರಿಂದ ಏನನ್ನೂ ಊಹಿಸಬೇಡ. ಸಿಟ್ಟು ಇಳಿದಿರಲಿಲ್ಲ.

ಪ್ರಲ್ಹಾದರು ಇವತ್ತು ಆಫೀಸಿಗೆ ಫೋನ್ ಮಾಡಿದ್ದರು. ಇದು ನಿಮ್ಮ ಹೆಂಗಸರ ವಿಷಯ, ನನ್ನನ್ನು ನಡುವೆ ತರಬೇಡ ಎಂದರು. ಮದುವೆ ನಿಮ್ಮದೂ ಹೌದಲ್ಲ, ಬರುವ ಭಾನುವಾರ ನಿಮ್ಮ ಮನೆಯಲ್ಲಿ ನಮ್ಮವ್ವ ಮಾತಾಡುವಾಗ ನೀವು ಅಲ್ಲೇ ಕುಳಿತಿರಬೇಕು, ಇಲ್ಲದಿದ್ದರೆ ನಾನೂ ಬರುವುದಿಲ್ಲ ಎಂದೆ. ಆಯಿತು, ಕುಳಿತಿರುತ್ತೇನೆ ಎಂದರು. ಇಷ್ಟೇ. ಅವರು ಶೂರ ಎಂದು ನಾನು ಹೇಳುವುದಿಲ್ಲ. ಆದರೆ ಕುಳಿತಿರುತ್ತಾರೆ.

ಈಗ ಉಳಿದಿರುವುದು ನೀನು. ಭಾನುವಾರ ನೀನು ಪುಣೆಗೆ ಬರಬೇಕು. ಬೀಗತಿಯ ಎದುರಿಗೆ ಕುಳಿತು ಒಂದೇ ಮಾತು ಹೇಳಬೇಕು: ಕೊಡುವುದಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ತಗ್ಗಿದ ದನಿಯಲ್ಲಿ ಬೇಡ, ಹೆಣ್ಣು ಹೆತ್ತವಳು ಎಂಬ ಪೀಠಿಕೆಯೂ ಬೇಡ. ಮದುವೆ ಮುರಿದರೆ ಊರಲ್ಲಿ ತಲೆ ಎತ್ತುವುದು ಹೇಗೆ ಎಂದು ನೀನು ಕೇಳುತ್ತೀ. ಹೇಗೆ ಎಂದು ನನಗೂ ಗೊತ್ತಿಲ್ಲ. ಆದರೆ ಅಕ್ಕನ ಮದುವೆ ಮುರಿಯಲಿಲ್ಲ. ಆಗಲಾದರೂ ನೀನು ತಲೆ ಎತ್ತಿದೆಯಾ, ಅವ್ವ? ಚಪ್ಪರದ ಕಂಬ ಹಿಡಿದು ನೆಲ ನೋಡುತ್ತ ನಿಂತಿದ್ದೆ. ನಾನು ನಿನ್ನ ಪಕ್ಕದಲ್ಲೇ ಇದ್ದೆ.

ನೀನು ಬಾರದಿದ್ದರೆ ನಾನೊಬ್ಬಳೇ ಹೋಗಿ ಇದೇ ಮಾತು ಇನ್ನೊಮ್ಮೆ ಹೇಳುತ್ತೇನೆ.

ಹಟಮಾರಿಯಾದರೂ ನಿನ್ನವಳೇ,
ಅಂಬಾ

ತಾ.ಕ.: ಒಂದು ವಿಷಯ ಮೇಲೆ ಬರೆದಿಲ್ಲ. ಅಕ್ಕನಿಗೆ ಇವತ್ತು ಮಧ್ಯಾಹ್ನವೇ ಫೋನ್ ಮಾಡಿದೆ. ಅವಳ ಅತ್ತೆ ಪಕ್ಕದಲ್ಲೇ ಇದ್ದರಂತೆ. ಆದರೂ ಅವಳು ದನಿ ತಗ್ಗಿಸಲಿಲ್ಲ. ಶನಿವಾರದ ಪುಣೆ ಬಸ್ಸಿಗೆ ಎರಡು ಸೀಟು ಅವಳೇ ಹಿಡಿಸುತ್ತಾಳಂತೆ, ಒಂದು ನಿನಗೆ, ಒಂದು ಅವಳಿಗೆ. ನೀನು ಯಾಕೆ ಬರುತ್ತೀ ಎಂದು ಅವಳನ್ನು ಕೇಳಿದೆ. "ಅವ್ವ ಆ ಮಾತು ಆಡೂದನ್ನ ಒಮ್ಮೆ ನನ್ನ ಕಿವಿಯಿಂದ ಕೇಳಬೇಕಾಗೇದ" ಎಂದಳು.